ದೊಡ್ಡ ಕರುಳಿನ ಪಾಲಿಪ್ ಹುಡುಕಲು ಯಾವ ಪರೀಕ್ಷೆ? ಕೊಲೊನೋಸ್ಕೋಪಿ, ಸಿಟಿ ಕೊಲೊನೋಗ್ರಫಿ ಮತ್ತು ಉಳಿದವುಗಳ ವಿಮರ್ಶೆ

ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂದು ಕರೆಯುವ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಕರುಳಿನ ಒಳಪದರದಲ್ಲಿ ಏಳುವ ಈ ಗಂಟು ಅಡಿನೋಮಾ ಎಂಬ ಬಗೆಯದಾಗಿದ್ದರೆ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ; ಎಲ್ಲ ಅಡಿನೋಮಾಗಳೂ ಆ ಹಾದಿ ಹಿಡಿಯುವುದಿಲ್ಲ. ಆ ಅವಧಿಯೊಳಗೆ ಅದನ್ನು ಕಂಡು ತೆಗೆದುಹಾಕಿದರೆ ಕ್ಯಾನ್ಸರ್ ಬರುವುದನ್ನೇ ತಡೆಯಬಹುದು. ನನ್ನ ಅಣ್ಣನಿಗೆ ಈ ಕಾಯಿಲೆ ಪತ್ತೆಯಾದ ಮೇಲೆ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಪರೀಕ್ಷೆಗೆ ಒಳಗಾಗಬೇಕಾಯಿತು. ನಾನು ಕ್ಯಾಮೆರಾ ಇರುವ ನಳಿಕೆಯಿಂದ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿ ಮಾಡಿಸಿಕೊಂಡೆ. ಅಮ್ಮನಿಗೆ ಕೊಲೊನೋಸ್ಕೋಪಿ ಅರ್ಧದಲ್ಲೇ ನಿಂತು, ಸಿಟಿ ಸ್ಕ್ಯಾನ್‌ನಿಂದ ಕರುಳನ್ನು ನೋಡುವ ಸಿಟಿ ಕೊಲೊನೋಗ್ರಫಿ ಮಾಡಿಸಬೇಕಾಯಿತು. ಆಗ ಓದಿ ತಿಳಿದದ್ದನ್ನೂ, ವೈದ್ಯರನ್ನು ಕೇಳಿ ತಿಳಿದದ್ದನ್ನೂ, ಕಣ್ಣಾರೆ ಕಂಡದ್ದನ್ನೂ ಸೇರಿಸಿ ಈ ವಿಧಾನಗಳನ್ನು ಇಲ್ಲಿ ತೂಗಿ ನೋಡಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಯಾವುದು ಎಂಬುದಕ್ಕಿಂತ, ಕರುಳು ಎಷ್ಟು ಸ್ವಚ್ಛವಾಗಿತ್ತು, ನೋಡುವವರು ಎಷ್ಟು ಹೊತ್ತು, ಎಷ್ಟು ಕ್ರಮಬದ್ಧವಾಗಿ ನೋಡಿದರು ಎಂಬುದು ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತದೆ. ಆದ್ದರಿಂದ ಪರೀಕ್ಷೆಯ ಹೆಸರಿನ ಜೊತೆಗೆ ಅದನ್ನು ಮಾಡುವ ಕೇಂದ್ರದ ಕ್ರಮವನ್ನೂ ವಿಚಾರಿಸಿದ ನಂತರವೇ ದುಡ್ಡು ಕಟ್ಟಬೇಕು.

ಹೋಲಿಕೆಗೆ ಇಳಿಯುವ ಮುನ್ನ ಗಾತ್ರದ ಲೆಕ್ಕ ತಿಳಿದಿರಬೇಕು. 5 ಮಿ.ಮೀ. ಮತ್ತು ಅದಕ್ಕಿಂತ ಚಿಕ್ಕದಾದ ಪಾಲಿಪ್‌ಗಳದು ಒಂದು ಗುಂಪು, 6ರಿಂದ 9 ಮಿ.ಮೀ. ಇರುವವು ಇನ್ನೊಂದು, 10 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡವು ಮೂರನೆಯದು. ಮೊದಲ ಗುಂಪಿನಲ್ಲಿ ಕ್ಯಾನ್ಸರ್ ಅಡಗಿರುವುದು ತೀರಾ ಅಪರೂಪ. ಮೂರನೆಯ ಗುಂಪನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಯಾವುದಾದರೂ ಕೇಂದ್ರ ತನ್ನ ಪರೀಕ್ಷೆ ನೂರಕ್ಕೆ ತೊಂಬತ್ತರಷ್ಟು ನಿಖರ ಎಂದು ಹೇಳಿಕೊಂಡರೆ, ಎಷ್ಟು ಮಿ.ಮೀ. ಪಾಲಿಪ್‌ನ ವಿಷಯದಲ್ಲಿ ಎಂದು ಕೇಳಬೇಕು. ಈ ಒಂದು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಶೇಕಡಾವಾರು ಲೆಕ್ಕಕ್ಕೆ ಅರ್ಥವಿಲ್ಲ.

ಕೊಲೊನೋಸ್ಕೋಪಿಯನ್ನು ಇತರ ಎಲ್ಲ ವಿಧಾನಗಳಿಗೂ ಅಳತೆಗೋಲಾಗಿ ಇಟ್ಟುಕೊಂಡಿರುವುದಕ್ಕೆ ಬಲವಾದ ಕಾರಣವಿದೆ. ತುದಿಯಲ್ಲಿ ಕ್ಯಾಮೆರಾ ಮತ್ತು ದೀಪವಿರುವ, ಬಾಗುವ ನಳಿಕೆಯನ್ನು ಗುದದ್ವಾರದಿಂದ ಒಳಗೆ ಕಳಿಸಿ, ದೊಡ್ಡ ಕರುಳು ಆರಂಭವಾಗುವ ಸೀಕಂವರೆಗೂ ಒಯ್ದು, ಹಿಂದಕ್ಕೆ ಎಳೆಯುತ್ತ ಬರುವಾಗ ಒಳಗೋಡೆಯನ್ನು ನೋಡುತ್ತಾರೆ. ಪಾಲಿಪ್ ಕಂಡರೆ ಅದೇ ನಳಿಕೆಯ ಮೂಲಕ ತಂತಿಯ ಕುಣಿಕೆ ಇಳಿಸಿ, ಅಲ್ಲೇ ಕತ್ತರಿಸಿ, ಬಯಾಪ್ಸಿಗೆ ಕಳಿಸುತ್ತಾರೆ. ನ್ಯೂಯಾರ್ಕಿನಲ್ಲಿ 1969ರಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಅವರು ಹೀಗೆ ಕುಣಿಕೆ ಹಾಕಿ ಪಾಲಿಪ್ ತೆಗೆಯುವುದನ್ನು ಸಾಧ್ಯವಾಗಿಸಿದರು. ಅದಕ್ಕೆ ಮೊದಲು ಹೊಟ್ಟೆ ಕೊಯ್ದು ಮಾಡಬೇಕಾಗಿದ್ದ ಕೆಲಸ ಅದು. ನೋಡುವುದು ಮತ್ತು ತೆಗೆಯುವುದು ಒಂದೇ ಸಲಕ್ಕೆ ಮುಗಿಯುವುದು ಈ ಪಟ್ಟಿಯ ಬೇರೆ ಯಾವ ವಿಧಾನದಲ್ಲೂ ಇಲ್ಲ. ಉಳಿದವುಗಳಲ್ಲಿ ಏನಾದರೂ ಕಂಡರೆ ಕಡೆಗೆ ಬರಬೇಕಾದದ್ದು ಕೊಲೊನೋಸ್ಕೋಪಿಗೇ.

ಹಾಗೆಂದು ಅದನ್ನು ತಪ್ಪೇ ಮಾಡದ ಪರೀಕ್ಷೆ ಎಂದು ಭಾವಿಸುವುದು ಸರಿಯಲ್ಲ. ಒಬ್ಬರೇ ರೋಗಿಗೆ ಬೆನ್ನುಬೆನ್ನಿಗೆ ಎರಡು ಸಲ ಕೊಲೊನೋಸ್ಕೋಪಿ ಮಾಡಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮೊದಲ ಸುತ್ತಿನಲ್ಲಿ ಒಟ್ಟು ಪಾಲಿಪ್‌ಗಳಲ್ಲಿ ಶೇ 22ರಷ್ಟು ಕಣ್ಣು ತಪ್ಪಿದ್ದವು. 10 ಮಿ.ಮೀ.ಗಿಂತ ದೊಡ್ಡ ಅಡಿನೋಮಾಗಳಲ್ಲಿ ಹೀಗೆ ತಪ್ಪಿದ್ದು ಶೇ 2ರಷ್ಟು ಮಾತ್ರ, 5 ಮಿ.ಮೀ.ವರೆಗಿನ ಅಡಿನೋಮಾಗಳಲ್ಲಿ ಶೇ 26ರಷ್ಟು. ಕರುಳಿನ ಮಡಿಕೆಗಳ ಹಿಂಬದಿಯಲ್ಲಿ, ತಿರುವುಗಳ ಒಳಮೈಯಲ್ಲಿ, ಸರಿಯಾಗಿ ತೊಳೆಯದೆ ಉಳಿದ ಮಲದ ಕೆಳಗೆ ಅವು ಮರೆಯಾಗುತ್ತವೆ. ಇಲ್ಲಿ ವೈದ್ಯರಿಂದ ವೈದ್ಯರಿಗೆ ಇರುವ ವ್ಯತ್ಯಾಸ ನನ್ನನ್ನು ಬೆರಗುಗೊಳಿಸಿತು. ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಹನ್ನೆರಡು ಮಂದಿ ಜಠರ-ಕರುಳು ತಜ್ಞರ ಕೆಲಸವನ್ನು ಗಮನಿಸಿ 2006ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ನಳಿಕೆಯನ್ನು ಹಿಂತೆಗೆಯಲು ಸರಾಸರಿ ಆರು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡವರು ಶೇ 28ರಷ್ಟು ರೋಗಿಗಳಲ್ಲಿ ಗಡ್ಡೆಗಳನ್ನು ಕಂಡರೆ, ಅವಸರದಲ್ಲಿ ಮುಗಿಸಿದವರಿಗೆ ಕಂಡದ್ದು ಶೇ 12ರಷ್ಟು ರೋಗಿಗಳಲ್ಲಿ ಮಾತ್ರ. ಒಂದೇ ಯಂತ್ರ, ಒಂದೇ ಊರು, ಒಂದೇ ಬಗೆಯ ರೋಗಿಗಳು. ಪತ್ತೆಯಾದದ್ದು ಮಾತ್ರ ಅರ್ಧಕ್ಕಿಂತ ಕಡಿಮೆ. ಕ್ಯಾಲಿಫೋರ್ನಿಯಾದ ಮೂರು ಲಕ್ಷಕ್ಕೂ ಹೆಚ್ಚು ಕೊಲೊನೋಸ್ಕೋಪಿಗಳನ್ನು ಪರಿಶೀಲಿಸಿದ 2014ರ ಅಧ್ಯಯನ ಇದರ ಮುಂದಿನ ಪರಿಣಾಮವನ್ನು ತೋರಿಸಿತು: ವೈದ್ಯರೊಬ್ಬರು ಅಡಿನೋಮಾ ಪತ್ತೆಹಚ್ಚುವ ಪ್ರಮಾಣ ಶೇ 1ರಷ್ಟು ಹೆಚ್ಚಿದಾಗಲೆಲ್ಲ ಅವರ ರೋಗಿಗಳಿಗೆ ಮುಂದೆ ಕ್ಯಾನ್ಸರ್ ಬರುವ ಸಂಭವ ಶೇ 3ರಷ್ಟು ಇಳಿದಿತ್ತು.

ಆದ್ದರಿಂದ ಕೊಲೊನೋಸ್ಕೋಪಿಯ ಗುಣಮಟ್ಟವನ್ನು ಅಳೆಯಬೇಕಾದರೆ ವರದಿಯನ್ನು ಓದಬೇಕು. ನಾನು ಮಾಡಿಸಿಕೊಂಡ ಕಡೆ ಭೇದಿ ಔಷಧವನ್ನು ಎರಡು ಕಂತಿನಲ್ಲಿ, ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ದಿನ ಬೆಳಗಿನ ಜಾವ ಕುಡಿಯಲು ಹೇಳಿದ್ದರು. ಎರಡು ಲೀಟರ್ ನೀರಿನಲ್ಲಿ ಕಲಸಿದ ಆ ಉಪ್ಪುಪ್ಪಾದ ದ್ರಾವಣವನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ಕುಡಿದರೆ ಅಷ್ಟಾಗಿ ವಾಕರಿಕೆ ಬರುವುದಿಲ್ಲ. ಎರಡನೆಯ ಕಂತು ಮುಗಿಯುವ ಹೊತ್ತಿಗೆ ಹೊರಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು. ಕದಡಿದಂತಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸುವುದು ಒಳ್ಳೆಯದು. ನನ್ನ ವರದಿಯಲ್ಲಿ ಸ್ವಚ್ಛತೆಗೆ ಬಾಸ್ಟನ್ ಅಂಕ ನಮೂದಾಗಿತ್ತು. ಕರುಳಿನ ಬಲ, ನಡು, ಎಡ ಭಾಗಗಳಿಗೆ ತಲಾ 3ರಂತೆ ಒಟ್ಟು 9 ಅಂಕಗಳ ಲೆಕ್ಕ ಅದು; ಪ್ರತಿ ಭಾಗಕ್ಕೂ ಕನಿಷ್ಠ 2 ಸಿಕ್ಕಿರಬೇಕು. ಅಪೆಂಡಿಕ್ಸ್‌ನ ಬಾಯಿ ಮತ್ತು ಸಣ್ಣ ಕರುಳು ಬಂದು ಕೂಡುವ ಕವಾಟ, ಎರಡರ ಚಿತ್ರಗಳೂ ಇದ್ದವು. ನಳಿಕೆ ಕೊನೆಯವರೆಗೆ ತಲುಪಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಹಿಂತೆಗೆದ ಸಮಯವನ್ನೂ ಬರೆದಿದ್ದರು. ನನಗೆ ತಿಳಿದವರೊಬ್ಬರು ಬೇರೊಂದು ಕಡೆಯಿಂದ ತಂದ ವರದಿಯಲ್ಲಿ ಇದ್ಯಾವುದೂ ಇರಲಿಲ್ಲ. "ಸಹಜವಾಗಿದೆ" ಎಂಬ ಒಂದೇ ಸಾಲು ಇತ್ತು. ಆ ಸಾಲನ್ನು ನಂಬಿ ಹತ್ತು ವರ್ಷ ನಿಶ್ಚಿಂತರಾಗಿರಿ ಎಂದು ನಾನು ಯಾರಿಗೂ ಹೇಳಲಾರೆ.

ಸಿಟಿ ಕೊಲೊನೋಗ್ರಫಿಯನ್ನು ವರ್ಚುವಲ್ ಕೊಲೊನೋಸ್ಕೋಪಿ ಎಂದೂ ಕರೆಯುತ್ತಾರೆ. ಅಮೆರಿಕದ ಡೇವಿಡ್ ವೈನಿಂಗ್ 1994ರಲ್ಲಿ ಇದನ್ನು ಮೊದಲು ಮುಂದಿಟ್ಟರು. ಅಮ್ಮನ ಕರುಳು ಹಳೆಯ ಶಸ್ತ್ರಚಿಕಿತ್ಸೆಯ ಕಾರಣದಿಂದ ಒಂದು ತಿರುವಿನಲ್ಲಿ ಅಂಟಿಕೊಂಡಂತಿತ್ತು. ನಳಿಕೆ ಅಲ್ಲಿಂದ ಮುಂದೆ ಹೋಗಲಿಲ್ಲ. ಇಂತಹವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಹಿಂದಿನ ದಿನ ಭೇದಿ ಔಷಧದ ಜೊತೆ ಅಯೋಡಿನ್ ಇರುವ ದ್ರವವನ್ನೂ ಕುಡಿಸಿದ್ದರು. ಇದರ ಉದ್ದೇಶವನ್ನು ರೇಡಿಯಾಲಜಿಸ್ಟ್ ತಮ್ಮ ಪರದೆಯ ಮೇಲೆ ನನಗೆ ತೋರಿಸಿದರು: ಕರುಳಿನಲ್ಲಿ ಉಳಿದ ದ್ರವ, ಮಲದ ಚೂರು ಎಲ್ಲವೂ ಆ ಔಷಧವನ್ನು ಹೀರಿ ಬೆಳ್ಳಗೆ ಹೊಳೆಯುತ್ತವೆ, ಪಾಲಿಪ್ ಮಾತ್ರ ಮಾಂಸದ ಬೂದು ಬಣ್ಣದಲ್ಲೇ ಉಳಿಯುತ್ತದೆ. ಮೇಜಿನ ಮೇಲೆ ಮಲಗಿಸಿ, ಗುದದ್ವಾರದಲ್ಲಿ ತೆಳುವಾದ ಮೆದು ನಳಿಕೆಯೊಂದನ್ನು ಇಟ್ಟು, ಒತ್ತಡವನ್ನು ತಾನೇ ನಿಯಂತ್ರಿಸಿಕೊಳ್ಳುವ ಪಂಪಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿದರು. ಗಾಳಿಗಿಂತ ಈ ಅನಿಲ ಬೇಗ ರಕ್ತಕ್ಕೆ ಹೀರಿಹೋಗುವುದರಿಂದ ಆಮೇಲೆ ಹೊಟ್ಟೆ ಉಬ್ಬರ ಹೆಚ್ಚು ಹೊತ್ತು ಕಾಡುವುದಿಲ್ಲ. ಒಮ್ಮೆ ಅಂಗಾತ ಮಲಗಿಸಿ, ಒಮ್ಮೆ ಬೋರಲು ಮಲಗಿಸಿ, ಉಸಿರು ಬಿಗಿಹಿಡಿಸಿ ಸ್ಕ್ಯಾನ್ ಮಾಡಿದರು. ಅರಿವಳಿಕೆ ಇರಲಿಲ್ಲ, ಅಮ್ಮ ತಾವೇ ಎದ್ದು ನಡೆದು ಹೊರಬಂದರು.

ಭಂಗಿ ಬದಲಿಸುವುದು ಈ ಪರೀಕ್ಷೆಯ ಜೀವಾಳ. ಬೋರಲಾದಾಗ ಮಲದ ಚೂರು ಜಾರಿ ಬೇರೆಡೆಗೆ ಹೋಗುತ್ತದೆ, ಗೋಡೆಗೆ ಅಂಟಿದ ಪಾಲಿಪ್ ಅಲ್ಲೇ ಇರುತ್ತದೆ. ಒಂದು ಭಂಗಿಯಲ್ಲಿ ದ್ರವದಡಿ ಮುಳುಗಿದ್ದ ಭಾಗ ಇನ್ನೊಂದರಲ್ಲಿ ಬರಿದಾಗುತ್ತದೆ. ಅಮ್ಮನಿಗಾಗಿ ಮೊದಲು ವಿಚಾರಿಸಿದ ಒಂದು ಕೇಂದ್ರದಲ್ಲಿ ಸಿಟಿ ಕೊಲೊನೋಗ್ರಫಿ ಎಂದು ದರಪಟ್ಟಿಯಲ್ಲಿ ಇತ್ತು, ಆದರೆ ಬಣ್ಣ ಹಿಡಿಸುವ ದ್ರವ ಕುಡಿಸುವುದಿಲ್ಲ, ಅಂಗಾತ ಒಂದೇ ಸ್ಕ್ಯಾನ್, ಕೈಪಂಪಿನಿಂದ ಗಾಳಿ ತುಂಬುತ್ತೇವೆ ಎಂದರು. ಹೆಸರು ಒಂದೇ ಆದರೂ ಅದನ್ನು ಆ ಪರೀಕ್ಷೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಇದರ ಸಾಮರ್ಥ್ಯದ ಬಗ್ಗೆ ಒಳ್ಳೆಯ ದಾಖಲೆಗಳಿವೆ. ರೋಗಲಕ್ಷಣಗಳಿಲ್ಲದ 1,233 ಮಂದಿಗೆ ಒಂದೇ ದಿನ ಎರಡೂ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, 10 ಮಿ.ಮೀ. ಮತ್ತು ಮೇಲ್ಪಟ್ಟ ಅಡಿನೋಮಾಗಳ ಪತ್ತೆಯಲ್ಲಿ ಸಿಟಿ ಶೇ 93.8, ಕೊಲೊನೋಸ್ಕೋಪಿ ಶೇ 87.5 ಸಾಧಿಸಿದವು, 6 ಮಿ.ಮೀ. ಮೇಲ್ಪಟ್ಟವುಗಳಿಗೆ ಬಂದಾಗ ಸಿಟಿ ಶೇ 88.7ಕ್ಕೆ ಇಳಿದು, ಕೊಲೊನೋಸ್ಕೋಪಿ ಶೇ 92.3ಕ್ಕೆ ಏರಿತು. ಐದು ವರ್ಷದ ನಂತರ ಹದಿನೈದು ಕೇಂದ್ರಗಳಲ್ಲಿ ಸುಮಾರು ಎರಡೂವರೆ ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ ದೊಡ್ಡ ಪಾಲಿಪ್ ಇದ್ದವರಲ್ಲಿ ಶೇ 90ರಷ್ಟು ಮಂದಿಯನ್ನು ಸಿಟಿ ಸರಿಯಾಗಿ ಗುರುತಿಸಿತ್ತು. ನನಗೆ ಇವೆರಡಕ್ಕಿಂತ ಹೆಚ್ಚು ಉಪಯುಕ್ತವೆನಿಸಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ಪ್ರಕಟಿಸಿದ ಅನುಭವ. ಅಲ್ಲಿ ತಪಾಸಣೆಗೆ ಬಂದ ಸುಮಾರು ಮೂರು ಸಾವಿರ ಮಂದಿಗೆ ಸಿಟಿ, ಹೆಚ್ಚುಕಡಿಮೆ ಅಷ್ಟೇ ಮಂದಿಗೆ ನೇರ ಕೊಲೊನೋಸ್ಕೋಪಿ ನಡೆಯಿತು. ಅಪಾಯದ ಹಂತದ ಗಡ್ಡೆಗಳು ಸಿಕ್ಕಿದ್ದು ಕ್ರಮವಾಗಿ ಶೇ 3.2 ಮತ್ತು ಶೇ 3.4 ಮಂದಿಯಲ್ಲಿ, ಅಂದರೆ ಹೆಚ್ಚುಕಡಿಮೆ ಸಮ. ಆದರೆ ತೆಗೆದ ಪಾಲಿಪ್‌ಗಳ ಸಂಖ್ಯೆ ಸಿಟಿ ಗುಂಪಿನಲ್ಲಿ 561, ಕೊಲೊನೋಸ್ಕೋಪಿ ಗುಂಪಿನಲ್ಲಿ 2,434. ಕೊಲೊನೋಸ್ಕೋಪಿ ಗುಂಪಿನಲ್ಲಿ ಏಳು ಮಂದಿಯ ಕರುಳಿಗೆ ತೂತು ಬಿದ್ದಿತ್ತು, ಸಿಟಿ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಕತ್ತರಿಸಿದ ಅಷ್ಟೂ ಸಣ್ಣ ಗಂಟುಗಳನ್ನು ತೆಗೆಯಲೇಬೇಕಿತ್ತೇ ಎಂಬ ಪ್ರಶ್ನೆ ಇಲ್ಲಿ ನ್ಯಾಯವಾಗಿಯೇ ಏಳುತ್ತದೆ.

ಎದುರು ವಾದವೂ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾರ್ವಜನಿಕರನ್ನು ಎರಡು ಗುಂಪಾಗಿ ವಿಂಗಡಿಸಿ ಆಹ್ವಾನ ಕಳಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಬಂದ ಪ್ರತಿ ನೂರು ಮಂದಿಯಲ್ಲಿ ಕೊಲೊನೋಸ್ಕೋಪಿ 8.7 ಮಂದಿಯ ಅಪಾಯಕಾರಿ ಗಡ್ಡೆಗಳನ್ನು ಕಂಡರೆ ಸಿಟಿ ಕಂಡದ್ದು 6.1 ಮಂದಿಯವನ್ನು. ಆದರೆ ಸಿಟಿಗೆ ಕರೆದಾಗ ಶೇ 34 ಮಂದಿ ಬಂದರು, ಕೊಲೊನೋಸ್ಕೋಪಿಗೆ ಕರೆದಾಗ ಶೇ 22 ಮಂದಿ ಮಾತ್ರ. ಹೀಗಾಗಿ ಆಹ್ವಾನಿತರ ಲೆಕ್ಕದಲ್ಲಿ ಎರಡೂ ಸಮಸಮ ಆದವು. ಜನ ಮಾಡಿಸಿಕೊಳ್ಳಲು ಒಪ್ಪುವ ಪರೀಕ್ಷೆಗೂ ಬೆಲೆ ಇದೆ ಎಂಬುದನ್ನು ಈ ಅಂಕಿಗಳು ಚೆನ್ನಾಗಿ ತೋರಿಸುತ್ತವೆ.

ಸಿಟಿಯ ದೌರ್ಬಲ್ಯ ಚಪ್ಪಟೆ ಗಂಟುಗಳಲ್ಲಿದೆ. ಕರುಳಿನ ಬಲಭಾಗದಲ್ಲಿ ಕಾಣಿಸಿಕೊಳ್ಳುವ, ಸೂಕ್ಷ್ಮದರ್ಶಕದಲ್ಲಿ ಗರಗಸದ ಹಲ್ಲಿನಂತೆ ಕಾಣುವ, ಮೇಲೆದ್ದು ನಿಲ್ಲದ ಸೆರೇಟೆಡ್ ಎಂಬ ಬಗೆಯವು ಇದರಲ್ಲಿ ಸುಲಭವಾಗಿ ತಪ್ಪಿಹೋಗುತ್ತವೆ. ಅವೂ ಕ್ಯಾನ್ಸರ್ ಆಗಬಲ್ಲವು. 5 ಮಿ.ಮೀ. ಮತ್ತು ಅದಕ್ಕಿಂತ ಚಿಕ್ಕವುಗಳನ್ನು ಸಾಮಾನ್ಯವಾಗಿ ವರದಿಯಲ್ಲಿ ಬರೆಯುವುದೇ ಇಲ್ಲ; 6ರಿಂದ 9 ಮಿ.ಮೀ.ನ ಒಂದೆರಡು ಕಂಡರೆ ಮೂರು ವರ್ಷಕ್ಕೆ ಮತ್ತೆ ನೋಡಬಹುದು ಅಥವಾ ಈಗಲೇ ತೆಗೆಸಬಹುದು, 10 ಮಿ.ಮೀ. ಮೇಲ್ಪಟ್ಟದ್ದು ಕಂಡರೆ ಕೊಲೊನೋಸ್ಕೋಪಿ ಕಡ್ಡಾಯ. ವಿಕಿರಣದ ಬಗ್ಗೆ ಅಮ್ಮನ ವಯಸ್ಸಿನವರು ಚಿಂತಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ, ಏಕೆಂದರೆ ಕಡಿಮೆ ಪ್ರಮಾಣದ ಕ್ರಮದಲ್ಲಿ ಮಾಡಿದರೆ ಅದು ನಾವು ಒಂದೆರಡು ವರ್ಷದಲ್ಲಿ ನೆಲ ಮತ್ತು ಆಕಾಶದಿಂದ ಸಹಜವಾಗಿ ಪಡೆಯುವಷ್ಟೇ ಇರುತ್ತದೆ. ಮೂವತ್ತರ ಆಸುಪಾಸಿನವರ ವಿಷಯ ಬೇರೆ. ಇನ್ನೊಂದು ಸಂಗತಿಗೆ ಮನಸ್ಸು ಸಿದ್ಧವಿರಬೇಕು. ಸ್ಕ್ಯಾನ್ ಇಡೀ ಹೊಟ್ಟೆಯನ್ನು ನೋಡುವುದರಿಂದ ಮೂತ್ರಪಿಂಡದ ಗಡ್ಡೆ, ಮಹಾಪಧಮನಿಯ ಉಬ್ಬು ಮುಂತಾದವು ಅನಿರೀಕ್ಷಿತವಾಗಿ ಪತ್ತೆಯಾಗಿ ಜೀವ ಉಳಿಯುವುದೂ ಉಂಟು, ಏನೂ ಅಲ್ಲದ ಒಂದು ಚುಕ್ಕೆಯ ಬೆನ್ನುಹತ್ತಿ ತಿಂಗಳುಗಟ್ಟಲೆ ಅಲೆಯುವುದೂ ಉಂಟು. ಮೇಲೆ ಹೇಳಿದ ಹದಿನೈದು ಕೇಂದ್ರಗಳ ಅಧ್ಯಯನದಲ್ಲಿ ಶೇ 16 ಮಂದಿಗೆ ಹೀಗೆ ಮುಂದಿನ ಪರೀಕ್ಷೆ ಅಥವಾ ತುರ್ತು ಆರೈಕೆ ಬೇಕು ಎನಿಸಿತ್ತು.

ಗುದದ್ವಾರದಿಂದ ಬೇರಿಯಂ ದ್ರಾವಣ ತುಂಬಿ ಎಕ್ಸ್-ರೇ ತೆಗೆಯುವ ಬೇರಿಯಂ ಎನಿಮಾದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. 2000ದಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನದ ಹೋಲಿಕೆಯಲ್ಲಿ 10 ಮಿ.ಮೀ. ಮೀರಿದ ಅಡಿನೋಮಾಗಳು ಇದ್ದಾಗಲೂ ಅದು ಅರ್ಧಕ್ಕಿಂತ ಹೆಚ್ಚು ಸಲ ಕಾಣದೇ ಹೋಯಿತು. ಬ್ರಿಟನ್‌ನಲ್ಲಿ ರೋಗಲಕ್ಷಣ ಇದ್ದವರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯಾನ್ಸರ್ ಅಥವಾ ದೊಡ್ಡ ಪಾಲಿಪ್ ಪತ್ತೆಯಾದದ್ದು ಸಿಟಿಯಲ್ಲಿ ಶೇ 7.3, ಬೇರಿಯಂನಲ್ಲಿ ಶೇ 5.6. ಕಡಿಮೆ ದರದಲ್ಲಿ ಆಗುತ್ತದೆ ಎಂದು ಇಂದಿಗೂ ಯಾರಾದರೂ ಪಾಲಿಪ್ ಹುಡುಕಲು ಇದನ್ನು ಬರೆದುಕೊಟ್ಟರೆ ಒಪ್ಪಿಕೊಳ್ಳಬಾರದು.

ನುಂಗುವ ಕ್ಯಾಪ್ಸೂಲ್ ಪರೀಕ್ಷೆ ಹೊಸದೆಂಬಂತೆ ಕಂಡರೂ ದೊಡ್ಡ ಕರುಳಿಗೆಂದೇ ಮಾಡಿದ, ಎರಡೂ ತುದಿಗಳಲ್ಲಿ ಕ್ಯಾಮೆರಾ ಇರುವ ಗುಳಿಗೆ ಬಂದು ಹದಿನೈದು ವರ್ಷದ ಮೇಲಾಯಿತು. ನುಂಗಿದ ನಂತರ ಅದು ಕರುಳಿನ ಚಲನೆಯ ಜೊತೆಗೇ ಸಾಗುತ್ತ, ವೇಗವಾಗಿ ಸಾಗುವಾಗ ಸೆಕೆಂಡಿಗೆ 35ರವರೆಗೆ ಚಿತ್ರ ತೆಗೆದು, ಸೊಂಟದ ಪಟ್ಟಿಯಲ್ಲಿರುವ ಯಂತ್ರಕ್ಕೆ ಕಳಿಸುತ್ತದೆ. 2015ರ ಅಮೆರಿಕ ಮತ್ತು ಇಸ್ರೇಲ್‌ನ ಅಧ್ಯಯನದಲ್ಲಿ 6 ಮಿ.ಮೀ. ಮೇಲ್ಪಟ್ಟ ಅಡಿನೋಮಾ ಇದ್ದವರಲ್ಲಿ ಶೇ 88 ಮಂದಿಯನ್ನು ಗುರುತಿಸಿತ್ತು. ನೋವಿಲ್ಲ, ವಿಕಿರಣವಿಲ್ಲ, ಅನಿಲ ತುಂಬುವುದಿಲ್ಲ. ಆದರೆ ಕರುಳನ್ನು ತೊಳೆಯುವ ನೀರು, ಹೀರಿ ತೆಗೆಯುವ ಸೌಲಭ್ಯ ಅದರಲ್ಲಿ ಇಲ್ಲದ್ದರಿಂದ ಕೊಲೊನೋಸ್ಕೋಪಿಗಿಂತ ಕಟ್ಟುನಿಟ್ಟಾದ ಭೇದಿ ಸಿದ್ಧತೆ ಬೇಕು. ಗುಳಿಗೆಯನ್ನು ಮುಂದೆ ತಳ್ಳಲು ನಡುನಡುವೆ ಮತ್ತೆ ಔಷಧ ಕುಡಿಯಬೇಕು. ಬ್ಯಾಟರಿ ಮುಗಿಯುವುದರೊಳಗೆ ಅದು ಹೊರಬರದಿದ್ದರೆ ಕೊನೆಯ ಭಾಗ ಕಾಣದೇ ಉಳಿಯುತ್ತದೆ. ಕೋವಿಡ್ ಕಾಲದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್‌ನ ಸರ್ಕಾರಿ ಆರೋಗ್ಯ ಸೇವೆಗಳು ಕೊಲೊನೋಸ್ಕೋಪಿಯ ಸರದಿ ತಗ್ಗಿಸಲು ಇದನ್ನು ದೊಡ್ಡದಾಗಿ ಬಳಸಿದವು. ನಮ್ಮಲ್ಲಿ ಸಣ್ಣ ಕರುಳಿನ ಕ್ಯಾಪ್ಸೂಲ್ ಇರುವ ಆಸ್ಪತ್ರೆಯಲ್ಲಿ ದೊಡ್ಡ ಕರುಳಿನದೂ ಇದೆ ಎಂದು ಭಾವಿಸಬಾರದು. ಅವೆರಡೂ ಬೇರೆ ಗುಳಿಗೆಗಳು.

ಇನ್ನು ಕೊಲೊನೋಸ್ಕೋಪಿಗೇ ಜೋಡಿಸುವ ಸುಧಾರಣೆಗಳಿವೆ. ಇಂಡಿಗೊ ಕಾರ್ಮೈನ್ ಎಂಬ ನೀಲಿ ಬಣ್ಣವನ್ನು ಸಿಂಪಡಿಸಿದರೆ ಚಪ್ಪಟೆ ಗಂಟಿನ ಅಂಚು ಎದ್ದು ಕಾಣುತ್ತದೆ. ಒಲಿಂಪಸ್ ಕಂಪನಿಯ ಎನ್‌ಬಿಐ ಗುಂಡಿ ಒತ್ತಿದಾಗ ಬೆಳಕು 415 ಮತ್ತು 540 ನ್ಯಾನೊಮೀಟರ್ ಸುತ್ತಲಿನ ಎರಡು ಕಿರಿದಾದ ಪಟ್ಟಿಗಳಿಗೆ ಇಳಿಯುತ್ತದೆ. ರಕ್ತ ಈ ಬೆಳಕನ್ನು ಹೀರುವುದರಿಂದ ಗಂಟಿನ ಮೇಲಿನ ಸೂಕ್ಷ್ಮ ರಕ್ತನಾಳಗಳು ಕಂದು ಗೆರೆಗಳಾಗಿ ಕಾಣುತ್ತವೆ, ಅಡಿನೋಮಾ ಯಾವುದು ನಿರುಪದ್ರವಿ ಯಾವುದು ಎಂದು ಊಹಿಸಲು ನೆರವಾಗುತ್ತದೆ. ಕೃತಕ ಬುದ್ಧಿಮತ್ತೆ ಈಚಿನದು. ಮೆಡ್‌ಟ್ರಾನಿಕ್ ಕಂಪನಿಯ ಜಿಐ ಜೀನಿಯಸ್‌ಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಪರದೆಯ ಮೇಲೆ ಅನುಮಾನದ ಜಾಗದ ಸುತ್ತ ಅದು ಚೌಕಟ್ಟು ಮೂಡಿಸುತ್ತದೆ. ಇಟಲಿಯ ಪ್ರಯೋಗದಲ್ಲಿ ಅಡಿನೋಮಾ ಪತ್ತೆಯ ಪ್ರಮಾಣ ಶೇ 40.4ರಿಂದ ಶೇ 54.8ಕ್ಕೆ ಏರಿತು, ಹೀಗೆ ಹೆಚ್ಚಾಗಿ ಸಿಕ್ಕಿದ್ದು ಸಣ್ಣವು. ಈ ಸಂತೋಷದ ಜೊತೆಗೆ ಪೋಲೆಂಡಿನಿಂದ 2025ರಲ್ಲಿ ಬಂದ ವರದಿಯನ್ನೂ ಇಟ್ಟು ನೋಡಬೇಕು. ಈ ಸಹಾಯಕ್ಕೆ ಒಗ್ಗಿಕೊಂಡ ವೈದ್ಯರು ಅದಿಲ್ಲದೆ ಮಾಡಿದ ಕೊಲೊನೋಸ್ಕೋಪಿಗಳಲ್ಲಿ ಪತ್ತೆಯ ಪ್ರಮಾಣ ಶೇ 28.4ರಿಂದ ಶೇ 22.4ಕ್ಕೆ ಕುಸಿದಿತ್ತು. ಚೌಕಟ್ಟು ತೋರಿಸುವ ಯಂತ್ರ, ಕ್ಯಾಮೆರಾದ ಮುಂದೆ ಬಾರದ ಮಡಿಕೆಯ ಹಿಂಬದಿಯನ್ನು ತೋರಿಸಲಾರದು. ಹಾಗಾಗಿ ಇದೊಂದಿದೆ ಎಂಬ ಕಾರಣಕ್ಕೆ ಹೆಚ್ಚು ದರ ಕೊಟ್ಟು ಕೇಂದ್ರ ಬದಲಿಸುವುದು ಸದ್ಯಕ್ಕೆ ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ಯಾರಿಗೆ ಯಾವುದು? ಮಲದಲ್ಲಿ ರಕ್ತ, ಕಾರಣವಿಲ್ಲದೆ ರಕ್ತಹೀನತೆ, ಈಚೆಗೆ ಬದಲಾದ ಮಲವಿಸರ್ಜನೆಯ ಕ್ರಮ ಇದ್ದವರಿಗೆ ನೇರವಾಗಿ ಕೊಲೊನೋಸ್ಕೋಪಿಯೇ ಆಗಬೇಕು. ನಮ್ಮ ಕಡೆ ರಕ್ತ ಕಂಡ ಕೂಡಲೇ ಮೂಲವ್ಯಾಧಿ ಎಂದುಕೊಂಡು ಮದ್ದು ಮಾಡುತ್ತ ವರ್ಷ ಕಳೆಯುವವರು ತುಂಬ ಮಂದಿ. ಅಣ್ಣನ ವಿಷಯದಲ್ಲೂ ಹಾಗೆಯೇ ಆಯಿತು, ಮತ್ತು ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ನಲವತ್ತನೆಯ ವಯಸ್ಸಿಗೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಆರಂಭಿಸಬೇಕು. ವಂಶಪಾರಂಪರ್ಯವಾಗಿ ಬಂದು ಈ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್, ಕರುಳಿನ ದೀರ್ಘಕಾಲದ ಉರಿಯೂತ ಇರುವವರಿಗೂ ಸಿಟಿ ಸಲ್ಲದು. ಕೊಲೊನೋಸ್ಕೋಪಿ ಅಪೂರ್ಣವಾದವರು, ರಕ್ತ ತೆಳುಮಾಡುವ ಔಷಧ ನಿಲ್ಲಿಸಲಾಗದವರು, ಅರಿವಳಿಕೆ ತಡೆಯಲಾರದ ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರು, ನಳಿಕೆ ಎಂದರೆ ಹೆದರಿ ಯಾವ ಪರೀಕ್ಷೆಗೂ ಬಾರದವರು ಸಿಟಿಯನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಅಮೆರಿಕದಲ್ಲಿ 45ರಿಂದ ತಪಾಸಣೆ ಆರಂಭಿಸಿ ಎಂಬ ಸಲಹೆ ಇದೆ. ಎಲ್ಲವೂ ಸಹಜವಿದ್ದರೆ ಕೊಲೊನೋಸ್ಕೋಪಿ ಹತ್ತು ವರ್ಷಕ್ಕೊಮ್ಮೆ, ಸಿಟಿ ಐದು ವರ್ಷಕ್ಕೊಮ್ಮೆ. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆ ಇದೆ, ದೊಡ್ಡ ಕರುಳಿನದು ಇಲ್ಲ. ಇಲ್ಲಿ ಈ ಕಾಯಿಲೆಯ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಕಡಿಮೆ ಇರುವುದೂ ನಿಜ; ಆದ್ದರಿಂದ ಲಕ್ಷಣವಾಗಲೀ ಕುಟುಂಬದ ಹಿನ್ನೆಲೆಯಾಗಲೀ ಇಲ್ಲದವರು ಈ ವಯಸ್ಸಿನ ಲೆಕ್ಕವನ್ನು ಹಾಗೆಯೇ ಅನುಸರಿಸದೆ ತಮ್ಮ ವೈದ್ಯರನ್ನು ಕೇಳಿ ನಿರ್ಧರಿಸಲಿ.

ದಿನ ಗೊತ್ತುಮಾಡುವ ಮೊದಲು ಕೇಂದ್ರವನ್ನು ಫೋನಿನಲ್ಲೇ ಕೇಳಬಹುದಾದವು ಹೀಗಿವೆ. ಕೊಲೊನೋಸ್ಕೋಪಿಯಾದರೆ, ಭೇದಿ ಔಷಧವನ್ನು ಎರಡು ಕಂತಿನಲ್ಲಿ ಕೊಡುತ್ತಾರೆಯೇ, ವರದಿಯಲ್ಲಿ ಸ್ವಚ್ಛತೆಯ ಅಂಕ, ಸೀಕಂನ ಚಿತ್ರ, ಹಿಂತೆಗೆದ ಸಮಯ ಇರುತ್ತವೆಯೇ, ಪಾಲಿಪ್ ಸಿಕ್ಕರೆ ಅಂದೇ ತೆಗೆಯುತ್ತಾರೆಯೇ, ಹಾಗೆ ತೆಗೆದರೆ ಮತ್ತು ಬಯಾಪ್ಸಿಗೆ ಕಳಿಸಿದರೆ ಹೆಚ್ಚುವರಿ ಎಷ್ಟಾಗುತ್ತದೆ. ಸಿಟಿಯಾದರೆ, ಬಣ್ಣ ಹಿಡಿಸುವ ದ್ರವ ಕುಡಿಸುತ್ತಾರೆಯೇ, ಎರಡು ಭಂಗಿಗಳಲ್ಲಿ ಸ್ಕ್ಯಾನ್ ಇದೆಯೇ, ಇಂಗಾಲದ ಡೈಆಕ್ಸೈಡ್ ಪಂಪು ಇದೆಯೇ, ಓದುವ ರೇಡಿಯಾಲಜಿಸ್ಟ್ ಈ ಪರೀಕ್ಷೆಯಲ್ಲಿ ತರಬೇತಿ ಪಡೆದವರೇ. ಕಡೆಯದಾಗಿ, ಸಿಟಿಯಲ್ಲಿ ದೊಡ್ಡ ಪಾಲಿಪ್ ಕಂಡರೆ ಅಂದೇ ಕೊಲೊನೋಸ್ಕೋಪಿ ಮಾಡಲು ವ್ಯವಸ್ಥೆ ಇದೆಯೇ ಎಂದು ಕೇಳಿ. ವಿಸ್ಕಾನ್ಸಿನ್‌ನಲ್ಲಿ ಆ ಏರ್ಪಾಡು ಇದೆ. ನಾನು ಬೆಂಗಳೂರಿನಲ್ಲಿ ವಿಚಾರಿಸಿದ ಕಡೆ ಇರಲಿಲ್ಲ. ಇಲ್ಲದಿದ್ದರೆ ಭೇದಿ ಔಷಧವನ್ನು ಇನ್ನೊಂದು ದಿನ ಮತ್ತೆ ಮೊದಲಿನಿಂದ ಕುಡಿಯಬೇಕಾಗುತ್ತದೆ, ವಯಸ್ಸಾದವರಿಗೆ ಅದು ಸಣ್ಣ ಸುಸ್ತಲ್ಲ. ಅದೇ ಆಸ್ಪತ್ರೆಯ ಕರುಳು ತಜ್ಞರೊಂದಿಗೆ ಮೊದಲೇ ಮಾತಾಡಿ, ಬೆಳಿಗ್ಗೆ ಬೇಗ ಸ್ಕ್ಯಾನ್ ಮುಗಿಯುವಂತೆ ಸಮಯ ಹೊಂದಿಸಿಕೊಂಡರೆ, ಬೇಕಾದಲ್ಲಿ ಮಧ್ಯಾಹ್ನವೇ ಕೊಲೊನೋಸ್ಕೋಪಿಗೆ ಜಾಗ ಕೊಡಲು ಕೆಲವರು ಒಪ್ಪುತ್ತಾರೆ.